ತುಂಬಿ ಬಂದ ಕ್ಯಾನುಗಳು

ಎಂಬತ್ತರ ದಶಕ ಇನ್ನೂ ಎಳೆಯದಾಗಿದ್ದಾಗ ನಾನು ಮಣಿಪಾಲದಲ್ಲಿ ಎಂ.ಡಿ. ಓದುತ್ತಿದ್ದೆ. ಪದವಿ ಬೇಕಾದರೆ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ನನ್ನ ಜೊತೆಯವರಿಗೆ ಹೃದಯ, ಮೆದುಳು, ಶ್ವಾಸಕೋಶ ಮುಂತಾದ ಮರ್ಯಾದಸ್ಥ ಅಂಗಗಳು ದೊರೆತವು. ನನ್ನ ಪಾಲಿಗೆ ಬಂದದ್ದು ಕಾಪುವಿನ ಕಡಲಕರೆಯ ಜನರ ಮೂತ್ರ.

ಹಾಗೆಂದು ವಿಷಯ ಕ್ಷುಲ್ಲಕವಾದದ್ದಲ್ಲ. ಕಡಲಕರೆಯವರು ಗಂಜಿಗೆ ಉಪ್ಪಿನಕಾಯಿ, ಒಣಮೀನು ನಂಚಿಕೊಳ್ಳುವವರು. ದಿನಕ್ಕೆ ಎಷ್ಟು ಉಪ್ಪು ಅವರ ಹೊಟ್ಟೆ ಸೇರುತ್ತದೆ, ಅದಕ್ಕೂ ರಕ್ತದೊತ್ತಡಕ್ಕೂ ಏನು ನಂಟು ಎಂದು ನೋಡಬೇಕಿತ್ತು. ಬಾಯಿಮಾತಿನಲ್ಲಿ ಕೇಳಿ ಪ್ರಯೋಜನವಿಲ್ಲ. ಎಷ್ಟು ಉಪ್ಪು ಹಾಕುತ್ತೀರಿ ಎಂದರೆ ಭೂಮಿಯ ಮೇಲಿನ ಸಕಲ ಗೃಹಿಣಿಯರೂ ‘ಹದಕ್ಕೆ’ ಎನ್ನುತ್ತಾರೆ. ಆದರೆ ಒಳಗೆ ಹೋದ ಉಪ್ಪು ಹೊರಗೆ ಬರಲೇಬೇಕು. ಒಂದು ಬೆಳಗಿನಿಂದ ಮರುದಿನದ ಬೆಳಗಿನವರೆಗೆ ಒಬ್ಬ ಮನುಷ್ಯ ಹೊಯ್ದದ್ದನ್ನೆಲ್ಲ ಒಂದೇ ಪಾತ್ರೆಯಲ್ಲಿ ಹಿಡಿದು, ಅಳೆದು, ಅದರಲ್ಲಿ ಉಪ್ಪೆಷ್ಟು ಎಂದು ಪರೀಕ್ಷಿಸಿದರೆ ಸತ್ಯ ಹೊರಬೀಳುತ್ತದೆ.

ನನ್ನ ಮಾರ್ಗದರ್ಶಕರಾದ ಪ್ರೊಫೆಸರರು ಮೈಸೂರಿನವರು. ಮೇ ತಿಂಗಳ ಸೆಕೆಯಲ್ಲೂ ಟೈ ಸಡಿಲಿಸದ ಮಹನೀಯರು. ಅವರು ಮೊದಲೇ ಎಚ್ಚರಿಸಿದ್ದರು.

“ಮಳೆ ಶುರುವಾದ್ರೆ ಇವರ ಊಟಾನೇ ಬದಲಾಗುತ್ತೆ ಕಣ್ರೀ. ಅಷ್ಟರೊಳಗೆ ಮುಗೀಬೇಕು. ಆಗ್ಲಿಲ್ಲ ಅಂದ್ರೆ ಈ ವಿಷಯ ಬಿಟ್ಟುಬಿಡಿ. ಜಂತುಹುಳು ಇದ್ದೇ ಇದೆ, ಅದರ ಮೇಲೆ ಹೊಸದಾಗಿ ಶುರು ಮಾಡಿ.”

ಜಂತುಹುಳುವಿನ ಅಧ್ಯಯನಕ್ಕೆ ಮನೆಮನೆಯಿಂದ ಏನನ್ನು ಸಂಗ್ರಹಿಸಬೇಕಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಒಂದು ವರ್ಷ ಹಿಂದೆ ಬೀಳುವುದು ಬೇರೆ. ಹೀಗಾಗಿ ನಾನು ಮೂತ್ರದ ಬಗ್ಗೆ ಅಪಾರವಾದ ನಿಷ್ಠೆಯನ್ನು ಬೆಳೆಸಿಕೊಂಡೆ.

ನಾನು ಆರಿಸಿಕೊಂಡ ಕೇರಿಯಲ್ಲಿ ಮೀನುಗಾರ ಮೊಗವೀರರ ಮುಖಂಡರಾದ ಗುರಿಕಾರರು ಹೇಳಿದ್ದೇ ಕಾನೂನು. ಅವರ ಹೆಂಡತಿ ಹೇಳಿದ್ದನ್ನು ಗುರಿಕಾರರು ಹೇಳುತ್ತಿದ್ದರು. ಆದ್ದರಿಂದ ನಾನು ನೇರವಾಗಿ ಆ ಅಮ್ಮನ ಬಳಿಗೆ ಹೋಗಿ, ಜಗಲಿಯಲ್ಲಿ ಕೂತು, ವಿಜ್ಞಾನಕ್ಕೆ ಏನು ಬೇಕಾಗಿದೆ ಎಂದು ತುಳುವಿನಲ್ಲಿ ವಿನಂತಿಸಿಕೊಂಡೆ. ಅವರು ಸೆರಗನ್ನು ಬಾಯಿಗೆ ಒತ್ತಿ ನಕ್ಕು, ನಗು ಮುಗಿದ ಮೇಲೆ ಒಪ್ಪಿದರು. ಬಿಳಿಯ ಪ್ಲಾಸ್ಟಿಕ್ ಕ್ಯಾನುಗಳನ್ನು ಆಳಿಗೊಂದರಂತೆ ಹಂಚಿದೆವು.

ಎರಡನೆಯ ಬೆಳಿಗ್ಗೆ ಜೀಪಿನಲ್ಲಿ ಹೋದಾಗ ಪ್ರತಿ ಜಗಲಿಯಲ್ಲೂ ಕ್ಯಾನುಗಳು ಸಾಲಾಗಿ ನಿಂತಿದ್ದವು. ಹೊರಗಿನಿಂದ ತಿಕ್ಕಿ ತೊಳೆಸಿಕೊಂಡು ಫಳಫಳ ಹೊಳೆಯುತ್ತಿದ್ದವು. ಒಂದನ್ನೂ ಬಿಡದೆ ಎಲ್ಲವೂ ಕಂಠದವರೆಗೆ ತುಂಬಿದ್ದವು. ಇಂಥ ಸಹಕಾರ ಬೇರಾವ ಸಂಶೋಧಕನಿಗೆ ದಕ್ಕೀತು ಎಂದು ನನ್ನ ಎದೆಯೂ ತುಂಬಿ ಬಂತು.

ಜೀಪಿನ ಚಾಲಕ ಕೊಂಕಣಿ ಮಾತನಾಡುವ ಕ್ರೈಸ್ತ, ನನ್ನ ಊರಾದ ಕಾರ್ಕಳದವನೇ. ಅವನ ಎದೆ ತುಂಬಲಿಲ್ಲ.

“ಇದೆಂತ ಡಾಕ್ಟ್ರೇ, ಎಲ್ಲ ಬಾಯಿವರೆಗೆ ಉಂಟು. ಕಟಪಾಡಿ ತಿರುವಿನಲ್ಲಿ ಚೆಲ್ಲಿದರೆ ಜೀಪು ತೊಳೆಯುವುದು ನೀವಲ್ಲ, ನಾನು.”

ಹೀಗಾಗಿ ಉಡುಪಿ ದಾಟಿ ಮಣಿಪಾಲದ ಗುಡ್ಡ ಹತ್ತುವವರೆಗೂ ಜೀಪು ದಿಬ್ಬಣದ ಕಾರಿನಂತೆ ಗಂಭೀರವಾಗಿ ಸಾಗಿತು. ಹಿಂದಿನಿಂದ ಬಂದ ಬಸ್ಸುಗಳು ಹಾರ್ನು ಬಾರಿಸಿ ಸುಸ್ತಾದವು.

ಕೆಲವು ದಿನಗಳಲ್ಲಿ ಪ್ರೊಫೆಸರರು ಕರೆಸಿದರು. ಪ್ರಯೋಗಾಲಯದ ವರದಿ ಅವರ ಮುಂದಿತ್ತು.

“ಏನ್ರೀ ಇದು. ಹಣ್ಣು ಮುದುಕಿಗೂ, ಬಲೆ ಎಳೆಯೋ ಗಂಡಸಿಗೂ ಒಂದೇ ಅಳತೆ?”

“ಒಳ್ಳೆಯ ಸಹಕಾರ ಸರ್,” ಎಂದೆ.

“ಸಮುದ್ರದ ಪಕ್ಕ ಇರೋರ ಮೈಯಲ್ಲಿ ಉಪ್ಪೇ ಇಲ್ವಂತಲ್ರೀ. ಇದು ಜಗತ್ತಿಗೇ ಹೊಸ ಸಂಗತಿ. ಇಲ್ಲಾಂದ್ರೆ ಬಾವಿ ನೀರು. ಎರಡರಲ್ಲಿ ಯಾವುದು ಅಂತ ತಿಳ್ಕೊಂಡು ಬನ್ನಿ.” ಕಿಟಕಿಯಿಂದ ಪಡುವಣ ದಿಕ್ಕಿನ ಆಕಾಶವನ್ನು ನೋಡಿ, “ಬೇಗ,” ಎಂದರು.

ಮತ್ತೆ ಅಮ್ಮನ ಜಗಲಿ. ಮಜ್ಜಿಗೆ ಕುಡಿಯದೆ ಮಾತು ಶುರುವಾಗಲಿಲ್ಲ. ಅವರ ತುಳುವನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ಅಮ್ಮ, ಕ್ಯಾನಿಗೆ ನೀರು ಬೆರೆಸಿದ್ದುಂಟಾ?”

“ನಮ್ಮ ಮನೆಯಲ್ಲಿ ಇಲ್ಲ.” ಅಮ್ಮನಿಗೆ ಬೇಸರವಾಯಿತು. “ನೀರು ಹಾಕಿ ಕೊಡುವ ಗತಿ ನಮಗೆ ಬಂದಿಲ್ಲ. ನನ್ನ ಕ್ಯಾನಿಗೆ ಕಡಿಮೆ ಬಿತ್ತು, ಸೊಸೆ ಸೇರಿಸಿದಳು. ಬೊಂಬಾಯಿಯಿಂದ ಅಳಿಯ ಬಂದಿದ್ದ, ಪಾಪ, ಅವನೂ ಸೇರಿಸಿದ. ಗುರಿಕಾರರದ್ದಕ್ಕೆ ಯಾರೂ ಸೇರಿಸಲಿಲ್ಲ. ಅವರೇ ಸಾಕಾದರು.”

“ಪಕ್ಕದ ಮನೆಯವರು?”

“ಅಲ್ಲಿ ಇರುವುದು ಇಬ್ಬರೇ ಅಲ್ವಾ. ಬಾವಿ ಬಿಟ್ಟರೆ ಅವರಿಗೆ ಬೇರೆ ಯಾರುಂಟು?”

“ಅಲ್ಲಮ್ಮ, ತುಂಬಿಸಲೇಬೇಕು ಎಂದು ಹೇಳಿದ್ದು ಯಾರು?”

“ನಾನೇ. ಮನೆಮನೆಗೆ ಹೋಗಿ ಹೇಳಿದೆ. ಅಲ್ಲ ಡಾಕ್ಟ್ರೇ, ನಿಮ್ಮ ಊರು ಯಾವುದು?”

“ಕಾರ್ಕಳ.”

“ಕಾರ್ಕಳದಲ್ಲಿ ಇನ್ನೊಬ್ಬರ ಪಾತ್ರೆಯನ್ನು ಅರ್ಧಂಬರ್ಧ ಮಾಡಿ ಹಿಂದೆ ಕೊಡುತ್ತಾರಾ?”

ಕಾರ್ಕಳದಲ್ಲಿ ನನ್ನ ತಾಯಿಯ ಅಡುಗೆಮನೆಯ ಕಟ್ಟೆಯ ಮೇಲೆ ನೆರೆಯವರ ಒಂದಲ್ಲ ಒಂದು ಪಾತ್ರೆ ಸದಾ ಕಾಯುತ್ತಾ ಇರುತ್ತಿತ್ತು. ಪತ್ರೊಡೆ ತುಂಬಿ ಬಂದ ತಟ್ಟೆ ಬರಿದಾಗಿ ಹೊಸಿಲು ದಾಟುವಂತಿರಲಿಲ್ಲ. ಏನೂ ಇಲ್ಲದ ದಿನ ಒಂದು ಅಚ್ಚು ಬೆಲ್ಲವಾದರೂ ಕೂತು ಹೋಗುತ್ತಿತ್ತು. ಜೀಪಿಗೆ ಒರಗಿ ನಿಂತಿದ್ದ ಚಾಲಕ ಅಲ್ಲಿಂದಲೇ ಸಾಕ್ಷಿ ನುಡಿದ.

“ನಮ್ಮಲ್ಲಿಯೂ ಹಾಗೇ ಮಾರಾಯ್ರೆ. ಕ್ರಿಸ್ಮಸ್ ತಿಂಡಿ ಕಳಿಸಿದ ತಟ್ಟೆ ಖಾಲಿ ಬಂದರೆ ನನ್ನ ಹೆಂಡತಿ ಮುಂದಿನ ಕ್ರಿಸ್ಮಸ್‌ವರೆಗೆ ಆ ಮನೆಯವರ ಮುಖ ನೋಡುವುದಿಲ್ಲ.”

“ಅಮ್ಮ, ತುಂಬಿಸಿ ಕೊಟ್ಟರೆ ನನ್ನ ಪರೀಕ್ಷೆ ಹೋಗುತ್ತದೆ,” ಎಂದೆ.

“ತುಂಬಿಸದೆ ಕೊಟ್ಟರೆ ನಮ್ಮ ಮಾನ ಹೋಗುತ್ತದೆ.”

ಎರಡು ದೇಶಗಳ ರಾಯಭಾರಿಗಳಂತೆ ನಾವಿಬ್ಬರೂ ಪಡುವಣಕ್ಕೆ ಮುಖ ತಿರುಗಿಸಿದೆವು. ಕಡಲಿನ ಮೇಲೆ ಒಂದು ಕಪ್ಪು ಮೋಡ ಯಾವ ಆತುರವೂ ಇಲ್ಲದೆ ಬಂದು ನಿಂತಿತು. ಅದರಲ್ಲಿ ನನಗೆ ಜಂತುಹುಳುಗಳೇ ಕಾಣತೊಡಗಿದವು. ಆ ಭಯದಲ್ಲೇ ಒಂದು ದಾರಿ ಹೊಳೆಯಿತು.

“ಕ್ಯಾನನ್ನು ಒಂದು ಬಟ್ಟೆಯ ಚೀಲದಲ್ಲಿಟ್ಟು ಕೊಡುತ್ತೇನೆ ಅಮ್ಮ. ಚೀಲ ನನ್ನದು. ಅದರೊಳಗೆ ನಿಮಗೆ ಬೇಕಾದ್ದು ಹಾಕಿ. ಕ್ಯಾನಿಗೆ ಮಾತ್ರ ಬೇರೆಯವರದ್ದು ಒಂದು ಹನಿಯೂ ಬೇಡ.”

“ಆಗ ಪಾತ್ರೆ ಎಂದರೆ ಯಾವುದು?”

“ಚೀಲ.”

“ಕ್ಯಾನು?”

“ಅದು ಚೀಲದೊಳಗಿನ ಸಾಮಾನು.”

ಅಮ್ಮ ಎಲೆ ಅಡಿಕೆ ಜಗಿಯುತ್ತಾ ಈ ವಾದವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಎದ್ದು ಅಂಗಳಕ್ಕೆ ಉಗುಳಿ ಬಂದು ತೀರ್ಪು ಕೊಟ್ಟರು. “ಹಾಗಾದರೆ ಆಗಬಹುದು.”

ಉಡುಪಿಯ ರಥಬೀದಿಯಲ್ಲಿ ಚೀಲ ಕೊಂಡು ತಂದೆ. ಪ್ರೊಫೆಸರರು ಚೀಲ ಯಾಕೆಂದು ಕೇಳಿದಾಗ, “ವಿಧಾನದಲ್ಲಿ ಸಣ್ಣ ಸುಧಾರಣೆ ಸರ್,” ಎಂದೆ. ಸುಧಾರಣೆ ಎಂಬ ಪದವನ್ನು ಅವರು ಎಂದೂ ಪ್ರಶ್ನಿಸಿದವರಲ್ಲ.

ಎರಡನೆಯ ಸಲ ಸಂಗ್ರಹಕ್ಕೆ ಹೋದ ಬೆಳಿಗ್ಗೆ ಗಾಳಿ ತಿರುಗಿತ್ತು. ಮೊದಲ ಜಗಲಿಯಲ್ಲಿ ಚೀಲಕ್ಕೆ ಕೈಹಾಕಿ ಕ್ಯಾನನ್ನು ಮೇಲೆತ್ತಿದೆ. ಹಗುರವಾಗಿತ್ತು. ಪಕ್ಕದ್ದು ಅರ್ಧ. ಅದರಾಚೆಯದು ಮುಕ್ಕಾಲು. ಮನುಷ್ಯರು ಒಬ್ಬರಂತೆ ಒಬ್ಬರಿಲ್ಲ ಎಂಬ ಸತ್ಯ ನನಗೆ ಅಷ್ಟು ಸಂತೋಷ ಕೊಟ್ಟದ್ದು ಅದೇ ಮೊದಲು. ಕ್ಯಾನಿನ ಪಕ್ಕದಲ್ಲಿ ಒಂದು ಚೀಲದಲ್ಲಿ ಎಳೆ ಸೌತೆ, ಇನ್ನೊಂದರಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ, ಹಲವುಗಳಲ್ಲಿ ಒಣಮೀನು.

ಗುರಿಕಾರರ ಮನೆಯಲ್ಲಿ ಮಾತ್ರ ಒಂದು ಕ್ಯಾನು ಕಂಠದವರೆಗೆ ತುಂಬಿತ್ತು.

“ಅಮ್ಮ, ಸೇರಿಸಬಾರದು ಎಂದಿದ್ದೆನಲ್ಲ.”

“ಯಾರು ಸೇರಿಸಿದ್ದು? ಇವರದ್ದೇ ಎಲ್ಲ.” ಅಮ್ಮ ಕೇರಿಯ ಉದ್ದಕ್ಕೂ ಒಮ್ಮೆ ನೋಡಿದರು. “ಒಬ್ಬರೇ ತುಂಬಿಸಿದ್ದು ನಮ್ಮವರು ಮಾತ್ರ, ಅಲ್ವಾ?” ಗುರಿಕಾರರು ಸಂಕೋಚದಿಂದ ಮೀಸೆ ಸವರಿಕೊಂಡರು.

ಮೀಸೆಯ ಈ ಕೀರ್ತಿ ಹೆಚ್ಚು ದಿನ ಬಾಳಲಿಲ್ಲ. ಒಬ್ಬರದೇ ಅಷ್ಟೊಂದು ಹೇಗೆ ಎಂಬ ಅನುಮಾನದಿಂದ ಪರೀಕ್ಷಿಸಿದರೆ ಆ ಕ್ಯಾನಿನಲ್ಲಿ ಉಪ್ಪಿನ ಜೊತೆಗೆ ಸಕ್ಕರೆಯೂ ಸಿಕ್ಕಿತು. ಗುರಿಕಾರರಿಗೆ ಸಕ್ಕರೆ ಕಾಯಿಲೆ. ಎಷ್ಟು ಕಾಲದಿಂದಲೋ ಏನೋ. ಊರಿಗೆ ಊರೇ ತುಂಬಿಸಿ ಕೊಟ್ಟಾಗ ಅವರದೂ ಅದರಲ್ಲಿ ಒಂದಾಗಿ ಹೋಗಿತ್ತು. ಮಣಿಪಾಲಕ್ಕೆ ಕರೆದು ತಂದು ಔಷಧಿ ಶುರು ಮಾಡಿದೆವು. ದಣಿವು, ಬಾಯಾರಿಕೆ ಇಳಿಯಿತು. ಮುಂದೆ ಸಿಕ್ಕಾಗಲೆಲ್ಲ, “ಈಗ ಎಲ್ಲರಷ್ಟೇ ಡಾಕ್ಟ್ರೇ,” ಎಂದು ತುಸು ಬೇಸರದಿಂದಲೇ ಹೇಳುತ್ತಿದ್ದರು.

ಉಳಿದ ಕ್ಯಾನುಗಳಲ್ಲಿ ಉಪ್ಪು ಧಾರಾಳವಾಗಿತ್ತು, ಕಡಲಕರೆಯವರ ಮರ್ಯಾದೆಗೆ ತಕ್ಕಷ್ಟು. ವರದಿ ಓದಿದ ಪ್ರೊಫೆಸರರು ಟೈಯನ್ನು ಒಂದಿಷ್ಟು ಸಡಿಲಿಸಿ, “ಬರೆಯೋಕೆ ಶುರು ಮಾಡಿ,” ಎಂದರು. ಹೊರಗೆ ಮಳೆ ಸುರಿಯತೊಡಗಿತ್ತು. ಜಂತುಹುಳುಗಳು ನನ್ನ ಪಾಲಿಗೆ ಶಾಶ್ವತವಾಗಿ ಉಚ್ಚಾಟನೆಗೊಂಡವು.

ಆದರೆ ಒಂದು ಸಮಸ್ಯೆ ಉಳಿದಿತ್ತು. ಅಮ್ಮ ತಮ್ಮ ಚೀಲದಲ್ಲಿ ‘ದೊಡ್ಡ ಡಾಕ್ಟರಿಗೆ’ ಎಂದು ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಇಟ್ಟಿದ್ದರು. ಉಪ್ಪಿನ ಅಪಾಯಗಳ ಕುರಿತ ಅಧ್ಯಾಯವನ್ನು ತಿದ್ದುತ್ತಾ ತಿದ್ದುತ್ತಾ ಪ್ರೊಫೆಸರರು ಅದನ್ನು ಮುಗಿಸಿದ್ದರು.

“ಬಾಟಲಿ ಖಾಲಿ ಕಳಿಸೋ ಹಾಗಿಲ್ಲ ಅಂತೀರಿ,” ಎಂದರು. “ನಮ್ಮನೇಲಿ ಮೈಸೂರುಪಾಕು ಮಾಡಿದ್ದಾರೆ.”

“ಆ ಮನೆಯಲ್ಲಿ ಸಕ್ಕರೆ ಕಾಯಿಲೆ ಸರ್.”

“ಚಟ್ನಿಪುಡಿ?”

“ಉಪ್ಪು, ಸರ್.”

ಇಬ್ಬರು ವೈದ್ಯರು ಒಂದು ಖಾಲಿ ಬಾಟಲಿಯ ಮುಂದೆ ಬಹಳ ಹೊತ್ತು ಚಿಂತಾಮಗ್ನರಾಗಿ ಕೂತೆವು. ಕೊನೆಗೆ ಪ್ರೊಫೆಸರರು ಮೆಂತ್ಯ ತುಂಬಿಸಿ ಕೊಟ್ಟರು. ಗುರಿಕಾರರ ಕಾಯಿಲೆಗೂ ಒಳ್ಳೆಯದು, ಉಪ್ಪೂ ಇಲ್ಲ, ಸಕ್ಕರೆಯೂ ಇಲ್ಲ.

ಮರುವರ್ಷ ನಾನು ಪಾಸಾದ ಸುದ್ದಿ ತಿಳಿಸಲು ಹೋದಾಗ ಅಮ್ಮ ಅದೇ ಬಾಟಲಿಯನ್ನು ನನ್ನ ಕೈಗಿತ್ತರು. ಕಂಠದವರೆಗೆ ತುಂಬಿತ್ತು.

“ನಿಮ್ಮ ದೊಡ್ಡ ಡಾಕ್ಟ್ರ ಮೆಂತ್ಯ ಭಾರೀ ಒಳ್ಳೆಯದಿತ್ತು ಮಾರಾಯ್ರೆ. ಈ ಸಲದ ಉಪ್ಪಿನಕಾಯಿಗೆ ಅದನ್ನೇ ಹುರಿದು ಹಾಕಿದ್ದು.”