ಹೆಬ್ಬೆರಳಿನ ಮೇಲಿನ ಎಳೆ

ಸತ್ತವರ ಬೆರಳಚ್ಚು ತೆಗೆಯುವುದನ್ನು ನಾನು ಕಲಿತದ್ದು ಕೊಯಮತ್ತೂರಿನ ಒಂದು ಶವಾಗಾರದಲ್ಲಿ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಮದ್ರಾಸಿನಲ್ಲಿ ವಿಧಿವಿಜ್ಞಾನ ಓದುತ್ತಿದ್ದ ನಮಗೆ ರಜೆಯಲ್ಲಿ ಒಂದು ತಿಂಗಳು ಎಲ್ಲಾದರೂ ಕೈಯಾರೆ ಕೆಲಸ ಕಲಿತು ಬರಬೇಕೆಂಬ ನಿಯಮವಿತ್ತು. ನಮ್ಮ ಮನೆ ಅಲ್ಲೇ ಪಕ್ಕದ ಸೂಲೂರಿನ ಹತ್ತಿರ, ಹಾಗಾಗಿ ನಾನು ಊರಿಗೇ ಬಂದೆ. ಆಗಿನ ದಿನಚರಿ ಈಗಲೂ ನನ್ನ ಬಳಿ ಇದೆ, ತಮಿಳಿನಲ್ಲಿ. ಮನೆಮಾತು ಕನ್ನಡವಾದರೂ ಅದರ ಅಕ್ಷರ ಕಲಿತದ್ದು ತೀರ ಆಮೇಲೆ. ಯಾವುದು ದಿನಚರಿಯಲ್ಲಿದೆ, ಯಾವುದು ಇಲ್ಲ ಎಂದು ಆದಷ್ಟು ಹೇಳಿಕೊಂಡೇ ಬರೆಯುತ್ತೇನೆ.

ಕಲಿಸುತ್ತಿದ್ದವರು ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಬೆರಳಚ್ಚು ತಜ್ಞರು. "ಬದುಕಿರೋರ ಬೆರಳನ್ನ ಕಾಗದದ ಮೇಲೆ ಉರುಳಿಸ್ತೀವಮ್ಮ. ಇವರು ಉರುಳಲ್ಲ. ನಾವೇ ಕಾಗದನ ಬೆರಳ ಸುತ್ತ ಉರುಳಿಸ್ಬೇಕು," ಎಂದರು. ಮುಷ್ಟಿ ಬಿಗಿದಿದ್ದರೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಿತ್ತು. ಮಸಿಯ ಕಡೆ ತಿರುಗುವಷ್ಟರಲ್ಲಿ ಅವು ಮೆಲ್ಲಗೆ ಮತ್ತೆ ಮಡಚಿಕೊಳ್ಳುತ್ತಿದ್ದವು. ಮೊದಲ ದಿನವೇ ಒಬ್ಬ ಮುದುಕನ ಕೈ ಹಾಗೆ ಮಡಚಿಕೊಂಡು ನನ್ನ ಕಿರುಬೆರಳನ್ನು ಒಳಗೆ ಹಿಡಿದುಬಿಟ್ಟಿತು. ನಾನು ಕೂಗಲಿಲ್ಲ. ಕೂಗಿದೆ ಎನ್ನುತ್ತದೆ ದಿನಚರಿ.

"ಪರಿಚಯ ಆಯ್ತಲ್ಲ, ಇನ್ನು ಕೆಲಸ ಶುರು ಮಾಡು," ಎಂದರು ಅವರು.

ಆ ವಾರದ ಭಾನುವಾರ ಮನೆಯಲ್ಲಿ ಅತ್ತೆ ನನ್ನನ್ನು ಕಾಯುತ್ತಿದ್ದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹುಟ್ಟಿದ ಮನೆಗೇ ಬಂದು, ತಾತನ ಪಕ್ಕದ ಮಗ್ಗದಲ್ಲಿ ಇಪ್ಪತ್ತು ವರ್ಷ ನೇಯ್ದವಳು. ತಾತ ಸತ್ತು ಎರಡು ವರ್ಷವಾಗಿತ್ತು. ಅವನ ಉಯಿಲಿನ ಪ್ರಕಾರ ಮನೆ, ಮಗ್ಗ ಎಲ್ಲವೂ ಅಪ್ಪನದು. ಅತ್ತೆಯ ಕೋಣೆಯಲ್ಲಿ ಪವರ್‌ಲೂಮ್ ಹಾಕಬೇಕು, ಆಡಿ, ಅಂದರೆ ಆಷಾಢ, ಹುಟ್ಟುವುದರೊಳಗೆ ಖಾಲಿ ಮಾಡು ಎಂದು ಅಪ್ಪ ಹೇಳಿಬಿಟ್ಟಿದ್ದರು. ತಾತ ಅಕ್ಷರ ಬಲ್ಲವನಲ್ಲ. ಉಯಿಲಿನ ಕೆಳಗೆ ಇದ್ದದ್ದು ನೇರಳೆ ಬಣ್ಣದ ಒಂದು ಹೆಬ್ಬೆಟ್ಟಿನ ಗುರುತು.

"ಅಮ್ಮಿಣಿ, ನೀ ಓದೋದು ಇದೇ ತಾನೆ? ಇದು ನಮ್ಮಪ್ಪನ ಕೈಯಾ, ನೋಡಿ ಹೇಳು," ಎಂದಳು.

ಗುರುತಿನ ನಡುವೆ ಓರೆಯಾಗಿ ಒಂದು ಸಣ್ಣ ಬಿಳಿ ಗೆರೆ ಇತ್ತು. ಕಾಗದ ಮಡಚಿದ್ದರಿಂದ ಆಗಿರಬೇಕು ಎಂದುಕೊಂಡೆ. ಇನ್ನೂ ಸರಿಯಾಗಿ ಕಲಿತಿಲ್ಲ, ಬರುವ ಭಾನುವಾರ ಹೇಳುತ್ತೇನೆ ಎಂದೆ.

ಗುರುವಾರ ಒಬ್ಬ ಹೆಂಗಸಿನ ದೇಹ ಬಂತು. ಮನೆಯವರು ಶಾಸ್ತ್ರ ಮುಗಿಸಿ ಹೊರಡಿಸುವಾಗ ಪೊಲೀಸರು ತಡೆದು ತಂದದ್ದು. ಕೈಯ ಹೆಬ್ಬೆರಳೆರಡನ್ನೂ ಸೇರಿಸಿ ದಾರ ಕಟ್ಟಿದ್ದರು. ಗುರುಗಳು ಅದನ್ನು ಕತ್ತರಿಸಿದರು. ದಾರ ಬಿದ್ದುಹೋಯಿತು, ಅದರ ಗುಳಿ ಮಾತ್ರ ಚರ್ಮದಲ್ಲಿ ಹಾಗೇ ಉಳಿಯಿತು.

"ನಿನ್ನ ಬೆರಳಿಗೆ ಕಟ್ಟಿ ಬಿಚ್ಚಿದ್ರೆ ಸ್ವಲ್ಪ ಹೊತ್ತಲ್ಲಿ ಮಾಯ ಆಗುತ್ತೆ. ಇಲ್ಲಿ ಆಗಲ್ಲ. ಅಚ್ಚು ತೆಗೆದು ನೋಡು."

ತೆಗೆದೆ. ಗುಳಿ ಇದ್ದ ಕಡೆ ಮಸಿ ಕಾಗದಕ್ಕೆ ತಾಗಿರಲಿಲ್ಲ. ಹೆಬ್ಬೆಟ್ಟಿನ ನಡುವೆ ಒಂದು ಬಿಳಿ ಗೆರೆ. ಶವಾಗಾರದ ನಲ್ಲಿ ತೊಟ್ಟಿಕ್ಕುತ್ತಿತ್ತು. ಉಯಿಲಿನ ಮೇಲೆ ಕಂಡ ಗೆರೆ ನೆನಪಾಯಿತು.

ಹೆಣದ ಹೆಬ್ಬೆರಳು ಕಟ್ಟುವುದು ಎಲ್ಲರಲ್ಲೂ ಇದೆ. ಬೇರೆಯವರು ಬಟ್ಟೆಯ ಚೂರಿನಿಂದಲೋ ಸಿಕ್ಕ ದಾರದಿಂದಲೋ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ಸತ್ತವನ ಮಗ್ಗದ ಮೇಲಿನ ಹಾಸುನೂಲಿನಿಂದಲೇ ಮೂರು ಎಳೆ ಕಿತ್ತು, ಹೊಸೆದು, ಉಗುರಿನ ಸಮಕ್ಕೆ ಬಿಗಿಯಾಗಿ ಸುತ್ತಬೇಕು. ಎಳೆ ಹೊಸೆಯುವುದು, ಗಂಟು ಹಾಕುವುದು ದೊಡ್ಡ ಮಗಳ ಕೆಲಸ. ಕಟ್ಟಿದ ಮೇಲೆ ಬಿಚ್ಚಬಾರದು.

ಭಾನುವಾರ ಭೂತಗನ್ನಡಿ ತೆಗೆದುಕೊಂಡು ಕುಳಿತೆ. ನೇಕಾರರ ಸಂಘದ ಹಳೆಯ ಪುಸ್ತಕದಲ್ಲಿ ತಾತನ ಹೆಬ್ಬೆಟ್ಟು ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಸುಳಿ ಒಂದೇ, ರೇಖೆಗಳು ಕವಲೊಡೆಯುವ ಜಾಗ ಒಂದೇ. ಆದರೆ ಉಯಿಲಿನ ಗುರುತಿನಲ್ಲಿ ಆ ಬಿಳಿ ಗೆರೆ. ಗಾಜಿನ ಕೆಳಗೆ ಅದು ನೇರ ಗೆರೆಯಾಗಿರಲಿಲ್ಲ, ಹೊಸೆದ ನೂಲಿನ ಹಾಗೆ ಸಣ್ಣ ಸಣ್ಣ ಓರೆ ಕಚ್ಚುಗಳು. ಕಾಗದ ಅಲ್ಲಿ ಮಡಚಿರಲೂ ಇಲ್ಲ.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಹೆಣ್ಣುಮಗಳಿಗೆ ಹೆಣ ಕೊಯ್ಯುವ ಓದು ಯಾಕೆ ಎಂದು ನೆಂಟರೆಲ್ಲ ನಕ್ಕಾಗ ನನ್ನನ್ನು ಮದ್ರಾಸಿನ ರೈಲು ಹತ್ತಿಸಿದವರು ಅವರೇ. ತಾತ ಸತ್ತ ದಿನ ಅವರು ಸ್ವಲ್ಪ ಹೊತ್ತು ಒಳಗೆ ಬಾಗಿಲು ಹಾಕಿಕೊಂಡಿದ್ದರು ಎಂದು ನನಗೆ ನೆನಪು. ಸ್ನಾನ ಮಾಡಿಸುವಾಗ ತಾತನ ಹೆಬ್ಬೆರಳ ತುದಿ ನೇರಳೆಯಾಗಿತ್ತು ಎಂದೂ ನೆನಪು. ಆದರೆ ತಾತನ ಕೈಗೆ ಯಾವತ್ತೂ ಯಾವುದೋ ನೂಲಿನ ಬಣ್ಣ ಹತ್ತಿಕೊಂಡೇ ಇರುತ್ತಿತ್ತು. ಗೆರೆ ಕಂಡ ಮೇಲೆ ನೆನಪಿನಲ್ಲಿ ನಾನೇ ಆ ಬಾಗಿಲು ಹಾಕಿದೆನೋ, ಆ ಬೆರಳಿಗೆ ಬಣ್ಣ ಬಳಿದೆನೋ, ಇವತ್ತಿಗೂ ತಿಳಿಯದು.

"ತಾತಂದೇ, ಅತ್ತೆ," ಎಂದೆ.

"ಬೇರೇನೂ ಇಲ್ವಾ?"

ನೇಯುವವರ ಬೆರಳಿಗೆ ನೂಲು ಕೊಯ್ದ ಗಾಯ ಇದ್ದೇ ಇರುತ್ತದೆ, ಸಂಘದ ಪುಸ್ತಕ ಹತ್ತು ವರ್ಷ ಹಳೆಯದು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಗಾಯದ ಕಲೆಯಲ್ಲಿ ಹೊಸೆದ ಕಚ್ಚು ಬರುವುದಿಲ್ಲ ಎಂದು ಗೊತ್ತಿದ್ದೂ ಹೇಳಿಕೊಂಡೆ.

"ಬೇರೇನೂ ಇಲ್ಲ."

"ಕೇಳಿದ್ಯಾಕ್ಕಾ? ಯೂನಿವರ್ಸಿಟಿನೇ ಹೇಳಿಬಿಡ್ತು. ಇನ್ನು ಸುಪ್ರೀಂ ಕೋರ್ಟಿಗೆ ಹೋಗ್ತೀಯಾ?" ಎಂದು ಅಪ್ಪ ನಕ್ಕರು. ಅತ್ತೆಯೂ ನಕ್ಕಳು. ದಿನಚರಿಯಲ್ಲಿ ಆ ದಿನಕ್ಕೆ ಒಂದೇ ಸಾಲಿದೆ: "ತಾತಂದೇ ಎಂದೆ."

ಆಡಿ ಹುಟ್ಟುವ ಮೊದಲೇ ಅತ್ತೆ ಹೊರಟಳು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ, ಹೊಲಿದ ಬನಿಯನ್ನುಗಳ ಉಳಿದ ನೂಲು ಕತ್ತರಿಸುವ ಕೆಲಸ ಸಿಕ್ಕಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಮೇಜಿನ ಮೇಲೆ ಅಭ್ಯಾಸದ ಕಾಗದಗಳನ್ನು ಜೋಡಿಸುತ್ತಿದ್ದೆ. ಅವಳು ಬಂದು ಬಲಗೈ ಚಾಚಿದಳು.

"ನಂದೂ ಒಂದು ತಗೊ."

ಮಸಿ ಬಳಿದೆ. ಅವಳ ಹೆಬ್ಬೆರಳು ಬೆಚ್ಚಗಿತ್ತು. ಎರಡು ವಾರ ತಣ್ಣಗಿನ ಬೆರಳುಗಳನ್ನೇ ಹಿಡಿದಿದ್ದ ನನಗೆ ಆ ಬಿಸಿಯೇ ಅಂಜಿಕೆ ತಂದಿತು. ಅಭ್ಯಾಸಬಲದಿಂದ ನಾನು ಅದನ್ನು ಉರುಳಿಸದೆ ಕಾಗದವನ್ನೆತ್ತಿ ಅದರ ಸುತ್ತ ಸುತ್ತತೊಡಗಿದೆ.

"ಹಿಂಗಾ ತಗೊಳ್ಳೋದು?" ಎಂದಳು. ಆಮೇಲೆ ಅಪ್ಪನಿಗೆ ಕೇಳಿಸದ ದನಿಯಲ್ಲಿ, "ನಮ್ಮಪ್ಪನ ಬೆರಳಿಗೆ ನಾ ಹಾಕಿದ ಗಂಟೇ ಬೇರೆ ಅಮ್ಮಿಣಿ. ಸುಡುಗಾಡಿಗೆ ಹೊರಡುವಾಗ ಇದ್ದ ಗಂಟೇ ಬೇರೆ. ನನ್ನ ಹೆಬ್ಬೆಟ್ಟನ್ನಾದ್ರೂ ಎಳೆ ಕಟ್ಟೋ ಮುಂಚೇನೇ ತಗೊಂಡು ಇಟ್ಕೊ."

ಈ ಮಾತು ದಿನಚರಿಯಲ್ಲಿ ಇಲ್ಲ. ಅವಳು ಆಡಿದಳೆಂದು ಆಣೆ ಮಾಡಲಾರೆ. ಕಾಗದ ಮಾತ್ರ ಇದೆ, ನಿನ್ನೆಯೂ ತೆಗೆದು ನೋಡಿದೆ. ಅದರಲ್ಲಿ ಎಲ್ಲೂ ಬಿಳಿ ಗೆರೆ ಇಲ್ಲ.