ಏಸಿಗೆ ನೆರಳು ಕಟ್ಟಿದ್ದು

ಮಕ್ಕಳೇ, ನಮ್ಮ ಮನೆಗೆ ಏಸಿ ಬಂದದ್ದು ನಿಮ್ಮಿಬ್ಬರ ಸಲುವಾಗಿ. ನೀವು ನಿಪ್ಪಾಣಿಯ ಗಾಳಿಗೆ ಬೆಳೆದವರು. ಅಥಣಿ ಕಡೆಯ ನಮ್ಮ ಬಿಸಿಲು ನಿಮ್ಮ ಮೈಗೆ ಆಗಿಬರುವುದಿಲ್ಲ. ಹಿಂದಿನ ವರ್ಷ ಬೇಸಿಗೆ ರಜೆಗೆ ಬಂದವರು ಮೈತುಂಬ ಬೆವರುಸಾಲೆ ಎದ್ದು ವಾರ ತುಂಬುವ ಮೊದಲೇ ಹೊರಟುಹೋದಿರಿ. ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಸ್ವಭಾವವೂ ನನ್ನದಲ್ಲ. ಆದರೆ ನೀವು ಹೋದ ಮೇಲೂ ಊಟಕ್ಕೆ ನಿಮ್ಮ ತಾಟು ಹಾಕಿ ಮತ್ತೆ ಎತ್ತಿಡುತ್ತಿದ್ದೆನಂತೆ. ಅದನ್ನು ನೋಡಿಯೇ ಇರಬೇಕು, ಈ ವರ್ಷ ನಿಮ್ಮ ಮಾಮಾ ನಡುಮನೆಯ ಪಕ್ಕದ ಕೋಣೆಗೆ ಏಸಿ ಹಾಕಿಸಿದ. ಶಾಲೆ ತೆರೆಯುವ ತನಕ ನೀವು ಇಲ್ಲೇ ಇರುವುದೆಂದು ಮಾತಾಯಿತು.

ಏಸಿ ಎಂದರೆ ಎರಡು ಪೆಟ್ಟಿಗೆ. ಒಂದು ಕೋಣೆಯ ಗೋಡೆಯ ಮೇಲೆ ಬೆಳ್ಳಗೆ, ಬೀಗರ ಹಾಗೆ ಕೂತಿರುತ್ತದೆ. ಅದರ ಮುಂದೆ ನನಗೆ ಸಂಕೋಚ. ಸೆರಗು ಸರಿಮಾಡಿಕೊಂಡೇ ಒಳಗೆ ಹೋಗುತ್ತಿದ್ದೆ. ಇನ್ನೊಂದು ಮಾಳಿಗೆಯ ಮೇಲೆ ಸುಡುಬಿಸಿಲಲ್ಲಿ ಗುರುಗುಟ್ಟುತ್ತ ದುಡಿಯುತ್ತದೆ. ಅದು ನಮ್ಮವರ ಪೈಕಿ ಅನಿಸಿತು. ಪಾಪ, ಅದಕ್ಕೊಂದು ನೆರಳಿಲ್ಲ.

ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಓದು ಮುಗಿಸಿದವಳು. ಆದರೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಿಮ್ಮ ಅಜ್ಜ ಇದ್ದ ಕಾಲದಿಂದಲೂ ನಮ್ಮ ದ್ರಾಕ್ಷಿ ನನ್ನ ಕೈಯಲ್ಲೇ ಒಣಗಿದೆ. ಬಿಸಿಲಿಗೆ ಬಿಟ್ಟರೆ ಹಣ್ಣು ಕಪ್ಪಾಗುತ್ತದೆ. ಶೆಡ್ಡಿನ ಸುತ್ತ ಹಸಿರು ಬಲೆ ಕಟ್ಟಿ, ನೆರಳಲ್ಲಿ, ಗಾಳಿಗೆ ಒಣಗಿಸಿದರೆ ಬಂಗಾರದ ಬಣ್ಣ ಬರುತ್ತದೆ. ನೆರಳು, ಗಾಳಿ. ನನ್ನ ವಿದ್ಯೆಯೆಲ್ಲ ಇಷ್ಟೇ. ಇಷ್ಟನ್ನು ಏಸಿಗೂ ಹಚ್ಚಿದೆ.

ನೀವು ಬಂದು ಕೆಲವು ದಿನವಾಗಿತ್ತು. ಕೋಣೆ ಹಿಮದಂತಿತ್ತು. ಅದು ಇನ್ನೂ ತಂಪಾಗಲಿ ಎಂದು ಶೆಡ್ಡಿನಲ್ಲಿ ಉಳಿದಿದ್ದ ಬಲೆ ತಂದು, ಮಾಳಿಗೆಯ ಪೆಟ್ಟಿಗೆಯ ಸುತ್ತ ಬಿದಿರು ನಿಲ್ಲಿಸಿ, ಮೇಲೂ ಬದಿಗೂ ಮಡಿಕೆಯ ಮೇಲೆ ಮಡಿಕೆ ಬಿಗಿದು ಕಟ್ಟಿದೆ. ಕಟ್ಟುವಾಗ ಪೆಟ್ಟಿಗೆಯಿಂದ ಬಿಸಿಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಎಂಥ ಒಣ ಗಾಳಿ! ದಂಡವಾಗಿ ಹೋಗುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಗೋಧಿ ಹಾಲು ಕಾಸಿ ಒತ್ತಿದ ಕುರಡಗಿ ಸಂಡಿಗೆಯ ತಟ್ಟೆಗಳನ್ನು ಬಲೆಯೊಳಗೆ, ಆ ಗಾಳಿಯ ಎದುರಿಗೇ ಇಟ್ಟೆ. ಮಧ್ಯಾಹ್ನದೊಳಗೆ ಅವು ಗಲಗಲ ಎನ್ನುವಂತೆ ಒಣಗಿದವು. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಅಂದಿನಿಂದ ದಿನಾ ಹೊಸ ತಟ್ಟೆ ಇಡತೊಡಗಿದೆ.

ಮರುದಿನದಿಂದ ಏಸಿ ತಂಪು ಕೊಡುವುದನ್ನೇ ಬಿಟ್ಟಿತು. ಮಧ್ಯಾಹ್ನವಾದರೆ ಉಗುರುಬೆಚ್ಚನೆ ಗಾಳಿ. ನಡುನಡುವೆ ತಾನೇ ಸುಮ್ಮನಾಗುತ್ತಿತ್ತು. ನಿಮ್ಮ ಮಾಮಿ ಒಳಗಿನ ಜಾಳಿಗೆ ಬಿಚ್ಚಿ ತೊಳೆದಳು. ಮಾಮಾ ರಿಮೋಟಿನ ಸೆಲ್ಲು ಬದಲಿಸಿದ. ನಾನೂ ಸುಮ್ಮನಿರಲಿಲ್ಲ, ತಪ್ಪು ಹುಡುಕುವ ಕೆಲಸ ವಹಿಸಿಕೊಂಡೆ. ನೀವು ರಿಮೋಟು ಒತ್ತಿ ಒತ್ತಿ ಕೆಡಿಸಿದಿರಿ ಎಂದೆ. ಬಾಗಿಲು ತೆರೆದಿಡುತ್ತಾಳೆಂದು ಸೊಸೆಯನ್ನು ಅಂದೆ. ಹೊಲದ ಪಂಪುಗಳೆಲ್ಲ ಕರೆಂಟು ಜಗ್ಗುತ್ತವೆ ಎಂದು ಊರನ್ನೇ ಬೈದೆ. ಕೂತು ಹೇಳುವಾಗೆಲ್ಲ ನನ್ನ ಬಾಯಲ್ಲಿ ಕರಿದ ಕುರಡಗಿ ಇತ್ತು.

ನಿಮ್ಮ ಮೈಮೇಲೆ ಮತ್ತೆ ಬೆವರುಸಾಲೆ ಎದ್ದಿತು. ಭಾನುವಾರ ಬಂದು ಕರೆದುಕೊಂಡು ಹೋಗುವೆನೆಂದು ನಿಮ್ಮ ಅಪ್ಪ ಫೋನು ಮಾಡಿದರು. ಮಾಮಾ ರಿಪೇರಿಯವನಿಗೆ ಫೋನು ಹಚ್ಚಿದ. ಸೀಜನ್ನಿನಲ್ಲಿ ಕೈ ಬಿಡುವಿಲ್ಲ, ಬರುವುದು ತಡವಾಗುತ್ತದೆ ಎಂದ ಅವನು, ಹೊರಗಿನ ಪೆಟ್ಟಿಗೆಗೆ ಏನಾದರೂ ಅಡ್ಡ ಇದೆಯೇ ಎಂದೂ ಕೇಳಿದ. ಮಾಳಿಗೆ ನನ್ನ ರಾಜ್ಯ. ಮಾಮಾ ನನ್ನ ಕಡೆ ತಿರುಗಿದ.

“ಅವ್ವಾ, ಪೆಟ್ಟಿಗಿ ಮುಂದ ಏನರ ಅಡ್ಡ ಐತೇನು?”

ಪರಪುರುಷ ಫೋನಿನಲ್ಲಿ ಕೇಳುತ್ತಿದ್ದಾನಲ್ಲ, ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದೆ.

“ಅಡ್ಡ ಏನೂ ಇಲ್ಲಪಾ. ಬಿಸಲ ಬಡೀಬಾರದಂತ ನೆರಳ ಮಾಡೇನಿ, ಅಷ್ಟ.”

“ನೆರಳ ಮಾಡಿದ್ದು ಛಲೋ ಆತ್ರಿ,” ಎಂದಿತು ಫೋನು.

ನಾನು ಸುಳ್ಳು ಹೇಳಿರಲಿಲ್ಲ. ಬಲೆ ನಮಗೆ ಅಡ್ಡವಲ್ಲ. ಅದರೊಳಗೇ ದ್ರಾಕ್ಷಿ ಉಸಿರಾಡುತ್ತದೆ. ಕುರಡಗಿಯಂತೂ ಅಡ್ಡವೆಂದು ಹೊಳೆಯಲೇ ಇಲ್ಲ. ಸರ್ಟಿಫಿಕೇಟು ಸಿಕ್ಕಿದವಳ ಹಾಗೆ ಎರಡು ದಿನ ಬೀಗಿದೆ.

ಭಾನುವಾರ ನಿಮ್ಮ ಚೀಲ ಬಾಗಿಲ ಬಳಿ ಬಂದು ಕೂತಿತು. ನೀವು ಆ ಬೆಚ್ಚಗಿನ ಏಸಿಯ ಕೆಳಗೆ ಮಲಗಿ ಅಪ್ಪನ ದಾರಿ ಕಾಯುತ್ತಿದ್ದಿರಿ. ಬರಿಗೈಯಲ್ಲಿ ಹೇಗೆ ಕಳಿಸಲಿ ಎಂದು ಕುರಡಗಿ ತರಲು ಮಾಳಿಗೆ ಹತ್ತಿದೆ. ತಟ್ಟೆ ತೆಗೆದೆ. ನೀವೇ ಹೋದ ಮೇಲೆ ಈ ನೆರಳು ಯಾರಿಗೆ ಎಂದು ಸಿಟ್ಟಿನಲ್ಲಿ ಬಲೆಯನ್ನೂ ಕಿತ್ತು ಸುತ್ತಿದೆ. ಕೆಳಗಿಳಿದು ಕುರಡಗಿಯನ್ನು ನಿಮ್ಮ ಬಟ್ಟೆಗಳ ನಡುವೆ ತುಂಬುತ್ತಿದ್ದಾಗ ಕೋಣೆಯಿಂದ ಕೂಗು ಕೇಳಿತು.

“ಆಯಿ, ಥಂಡಿ ಆಗಾಕತ್ತೈತಿ!”

ಮಾಮಿ ಓಡಿ ಬಂದು ಏಸಿಗೆ ಕೈ ಒಡ್ಡಿ ನೋಡಿದಳು. ಆಮೇಲೆ ನನ್ನ ಕಂಕುಳಲ್ಲಿದ್ದ ಬಲೆಯ ಸುರುಳಿ ನೋಡಿದಳು. ಆಮೇಲೆ ಕುರಡಗಿ. ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುವುದೇ ಮಾಳಿಗೆಯ ಪೆಟ್ಟಿಗೆಯ ಕೆಲಸ. ಚೆಲ್ಲಲು ಬಿಡದೆ ನಾನು ಬಲೆ ಬಿಗಿದಿದ್ದೆ. ಅದು ತನ್ನ ಬಿಸಿಯನ್ನು ತಾನೇ ಮತ್ತೆ ನುಂಗಿ ಸುಸ್ತಾಗಿ ಬೀಳುತ್ತಿತ್ತು.

“ಅತ್ತಿ,” ಎಂದಳು ಮಾಮಿ, “ನೀವು ಬಲಿ ಕಟ್ಟಿ ಒಣಗಿಸಿದ್ದು ಕುರಡಗಿ ಅಲ್ರಿ, ನಮ್ಮನ್ನ. ಇನ್ನೊಂದ ವಾರ ಬಿಟ್ಟಿದ್ರ ಮನ್ಯಾನವರೆಲ್ಲ ಮಣೂಕ ಆಗತಿದ್ವಿ.”

ನಿಮ್ಮ ಅಪ್ಪ ಬಂದಾಗ ಮನೆಯೆಲ್ಲ ನಗುತ್ತಿತ್ತು, ನಾನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ. ಅವರು ಚಹಾ ಕುಡಿದು, ಕೋಣೆಯೊಳಗೆ ಹೋಗಿ ಮೈ ಚಾಚಿದವರು ಸಂಜೆಗೆ ಎದ್ದು, ಮಕ್ಕಳು ಇರಲಿ ಎಂದು ಒಬ್ಬರೇ ಹೊರಟರು. ಕುರಡಗಿಯ ಚೂರುಗಳು ಉದುರುವ ಬಟ್ಟೆಗಳನ್ನು ನೀವು ಚೀಲದಿಂದ ಒಂದೊಂದಾಗಿ ಕೊಡವಿ ತೆಗೆದಿರಿ. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಆದರೂ ನಾನು ನಿಮ್ಮ ತಾಟು ಹಾಕಿದೆ.