ಸ್ಟೇರಿಂಗಿಗೆ ಹಚ್ಚಿದ ಕುಸುಬಿ ಎಣ್ಣೆ

ಮೊಮ್ಮಕ್ಕಳೇ, ಅಂಗಳದ ಬೇವಿನ ಗಿಡದ ಕೆಳಗೆ ನಿಂತಿರುವ ಬಿಳಿ ಕಾರು ನಿಮ್ಮ ಅಜ್ಜನದು. ಅವರು ಹೋದ ಮೇಲೆ ಅದನ್ನು ಓಡಿಸುವವರಿಲ್ಲದೆ ಬಿಸಿಲಿಗೆ ಸ್ಟೇರಿಂಗ್ ಬಿರುಕು ಬಿಟ್ಟಿತು. ಮೊದಲು ಕೂದಲೆಳೆಯಂಥ ಗೆರೆ, ಆಮೇಲೆ ಉಗುರು ಹೋಗುವಷ್ಟು ಸಂದು. ಒಳಗಿನ ಕಬ್ಬಿಣದ ಬಳೆ ಕಾಣುತ್ತಿತ್ತು.

ನಿಮ್ಮಪ್ಪ ಕಾರನ್ನು ಮತ್ತೆ ಓಡಿಸುತ್ತೇನೆಂದಾಗ ನಾನು ಹಿಗ್ಗಿದೆ. ಆದರೆ ಕಾರು ರಿಪೇರಿ ಮಾಡುವ ಮಹಾಲಿಂಗಪುರದ ಮಿಸ್ತ್ರಿ ನೋಡಿದವನೇ, "ಇದನ್ನ ಒಗದು ಹೊಸಾದು ಹಾಕೂಣ್ರಿ" ಎಂದ. ಆ ಸ್ಟೇರಿಂಗಿನಲ್ಲಿ ಎರಡು ಕಡೆ ಸವೆದು ತಗ್ಗಾಗಿದೆ. ಅದು ನಿಮ್ಮ ಅಜ್ಜ ಕೈ ಇಡುತ್ತಿದ್ದ ಜಾಗ. ಜಮಖಂಡಿಯ ಆಸ್ಪತ್ರೆಗೋ ನನ್ನ ತವರು ಅನಗವಾಡಿಗೋ ಹೋಗುವಾಗ ನಾನು ರಸ್ತೆ ನೋಡುತ್ತಿರಲಿಲ್ಲ, ಆ ಕೈ ನೋಡುತ್ತಿದ್ದೆ. ಇದನ್ನು ಪರರ ಮುಂದೆ ಹೇಳುವುದು ಹೇಗೆ? "ಹಳೇದಽ ಇರ್ಲಿ" ಎಂದು ನಿಮ್ಮಪ್ಪನ ಕಿವಿಯಲ್ಲಷ್ಟೇ ಹೇಳಿದೆ.

ಮಿಸ್ತ್ರಿ ಸ್ಟೇರಿಂಗ್ ಬಿಚ್ಚಿ, ಸಂದುಗಳನ್ನು ಅರದಿಂದ ತಿಕ್ಕಿ ಅಗಲ ಮಾಡಿದ. ಬಿರುಕು ಮುಚ್ಚುವ ಲಪ್ಪದ ಎರಡು ಬಣ್ಣದ ಮುದ್ದೆಗಳನ್ನು ಕೂಡಿಸಿ ಕಣಕದ ಹಾಗೆ ನಾದಿ ತುಂಬಿದ. ಒಣಗಿದ ಮೇಲೆ ತಿಕ್ಕಲು ಹೋದರೆ ಅದು ಹಪ್ಪಳದ ಹಾಗೆ ಎದ್ದು ಬಂತು. ಮತ್ತೆ ತುಂಬಿದ, ಮತ್ತೆ ಎದ್ದಿತು. ಆಗ ನಮ್ಮಿಬ್ಬರನ್ನೂ ಕರೆಸಿದ.

"ಇದಕ್ಕ ಎಣ್ಣಿ ಕುಡಿಸ್ಯಾರ್ರಿ" ಎಂದ ಮಿಸ್ತ್ರಿ, ಅದನ್ನು ಮೂಸಿ ನೋಡುತ್ತ. "ಯಾವ ಶಾಣ್ಯಾನ ಕೆಲಸ ಇದು?"

ನಿಮ್ಮಪ್ಪನಿಗೆ ಸಿಟ್ಟು ಬಂತು. "ಎಣ್ಣಿ ಹಚ್ಚಾಕ ಕಾರೇನು ಕೂಸೇನ್ಲೇ? ನಮ್ಮನ್ಯಾಗ ಯಾರೂ ಹಚ್ಚಿಲ್ಲ."

"ಹಂಗಾರ ಸ್ಟೇರಿಂಗಿನ ಮಾಲಽ ಕೆಟ್ಟೈತಿ. ಒಗೀರಿ ಅತ್ಲಾಗ."

ಇನ್ನು ಸುಮ್ಮನಿದ್ದರೆ ಅದು ಗುಜರಿಗೆ ಹೋಗುತ್ತಿತ್ತು. ಸೆರಗು ಬಾಯಿಗಿಟ್ಟುಕೊಂಡು, "ನಾನಽ ಹಚ್ಚೇನ್ರಿ" ಎಂದೆ. "ಅಮಾಸಿಗೊಮ್ಮೆ. ಕುಸುಬಿ ಎಣ್ಣಿ."

ನನ್ನ ತವರಿನಲ್ಲಿ ಅಮಾವಾಸ್ಯೆಯ ದಿನ ಎತ್ತು ಹೂಡುತ್ತಿರಲಿಲ್ಲ. ಅಪ್ಪ ನೊಗಕ್ಕೆ, ಬಂಡಿಯ ಕಟ್ಟಿಗೆಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದ. ಬಿರುಕು ಬೆಳೆಯುವುದಿಲ್ಲ ಎನ್ನುತ್ತಿದ್ದ. ನಾನೂ ಹಾಗೆಯೇ, ಮನೆಯವರೆಲ್ಲ ಹೊಲಕ್ಕೆ ಹೋದ ಮೇಲೆ, ಅರಿವೆಯ ತುದಿ ಅದ್ದಿ ಪ್ರತಿ ಸಂದಿಗೂ ಕುಡಿಸುತ್ತಿದ್ದೆ.

ಮಿಸ್ತ್ರಿ ಹೊಟ್ಟೆ ಹಿಡಿದು ನಕ್ಕ. "ಎವ್ವಾ, ಇದೇನು ನೊಗಾ ಏನ್ರಿ? ಎಣ್ಣಿ ಇದ್ದಲ್ಲಿ ಲಪ್ಪಾ ಹೆಂಗ ಹಿಡೀತೈತಿ?"

"ನಮಗ ಇಷ್ಟು ಎಣ್ಣಿ ಹಚ್ಚಿ ಎರದಿಲ್ಲ ಬಿಡಽ ಬೇ" ಎಂದು ನಿಮ್ಮಪ್ಪನೂ ನಕ್ಕ.

ಎಣ್ಣೆ ಹಚ್ಚಿದವಳು ನಾನು, ತೆಗೆಯುವ ಕೆಲಸವೂ ನನಗೇ ಬಂತು. ಬಿಸಿನೀರಿಗೆ ಸೋಡಾ, ಸಾಬೂನು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕಟ್ಟೆಯ ಮೇಲೆ ಕುಳಿತು ತಿಕ್ಕಿದೆ. ನೀರಿನ ಮೇಲೆ ಎಣ್ಣೆಯ ಬಣ್ಣ ತೇಲುವುದು ನಿಂತ ಮೇಲೆ ನೆರಳಲ್ಲಿ ಒಣಗಿಸಿದೆ. ಮಿಸ್ತ್ರಿ ಥಿನ್ನರ್‌ನಿಂದ ಇನ್ನೊಮ್ಮೆ ಒರೆಸಿ ಮೂರನೆಯ ಸಲ ತುಂಬಿದ. ಈ ಸಲ ಅರಕ್ಕೂ ಅಲುಗಲಿಲ್ಲ.

ನೀರು ಹಚ್ಚಿದ ಉಸುಕಿನ ಕಾಗದದಿಂದ ನಯ ಮಾಡುತ್ತ ಅವನು ಆ ತಗ್ಗುಗಳಿಗೆ ಬಂದ. "ಇವನ್ನೂ ತುಂಬಿ ಸಾಪ ಮಾಡ್ಲ್ಯಾ ಎವ್ವಾ? ಹೊಸಾದ್ರಂಗ ಕಾಣ್ತೈತಿ."

"ಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಅಲ್ಲಿ ಅವರು ಕೈ ಇಡತಿದ್ರು."

ಅವನು ಈಗ ನಗಲಿಲ್ಲ. ತಗ್ಗುಗಳನ್ನು ಹಾಗೇ ಬಿಟ್ಟು ಕಪ್ಪು ಬಣ್ಣ ಹೊಡೆದ.

ಈಗ ನಿಮ್ಮಪ್ಪ ಓಡಿಸುವಾಗ ನಾನು ಪಕ್ಕದಲ್ಲಿ ಕೂಡುತ್ತೇನೆ. ಅವನ ಕೈಗಳು ದೊಡ್ಡವು, ತಗ್ಗಿನಿಂದ ಒಂದು ಬೆರಳಷ್ಟು ಮೇಲೆ ಹಿಡಿಯುತ್ತಾನೆ. ಅಮಾವಾಸ್ಯೆ ಬಂತೆಂದರೆ, "ಎಣ್ಣಿ ಬಾಟ್ಲಿ ಎಲ್ಲೈತಿ ಬೇ?" ಎಂದು ಕಾಡುತ್ತಾನೆ. ನಾನು ಬರೀ ಒಣ ಅರಿವೆಯಿಂದ ಒರೆಸುತ್ತೇನೆ. ಮುಂದೆ ನೀವು ಒರೆಸುವಾಗಲೂ ಅರಿವೆ ಒಣಗಿದ್ದೇ ಇರಲಿ.